ಹಳೇ ಕಾರಿಗೆ ಬೆಂಕಿ ಆರಿಸುವ ಸಿಲಿಂಡರ್: ಯಾವುದು ತಗೊಳ್ಳೋದು, ಎಲ್ಲಿ ಇಡೋದು?

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಿದ್ದೆವು. ಎಂಜಿನ್ ಸ್ವಲ್ಪ ತಣ್ಣಗಾಗಲಿ ಎಂದು ನನ್ನ ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಪಂಪಿನಿಂದ ಕಾರ್ಬುರೇಟರ್‌ಗೆ ಹೋಗುವ ರಬ್ಬರ್ ಪೈಪು ಬೆವರಿದ ಹಾಗೆ ಒದ್ದೆಯಾಗಿತ್ತು. ಪಕ್ಕದಲ್ಲೇ ಕೆಂಡದಂತೆ ಕಾದ ಎಂಜಿನ್. ಬೆಂಕಿ ಹತ್ತಲಿಲ್ಲ, ಪುಣ್ಯ. ಬೆಂಕಿ ಆರಿಸುವ ಸಿಲಿಂಡರ್ ಕಾರಿನಲ್ಲಿ ಇತ್ತು. ಎಲ್ಲಿ? ಡಿಕ್ಕಿಯಲ್ಲಿ, ಸ್ಟೆಪ್ನಿಯ ಹಿಂದೆ, ಎರಡು ಸೂಟ್‌ಕೇಸು ಮತ್ತು ಒಂದು ಹಲಸಿನ ಹಣ್ಣಿನ ಕೆಳಗೆ.

ಸಣ್ಣ ಸಿಲಿಂಡರ್ ಕೆಲಸ ಮಾಡುವುದು ಸುಮಾರು ಹತ್ತು ಸೆಕೆಂಡು ಮಾತ್ರ. ಯಾವುದನ್ನು ಕೊಳ್ಳಬೇಕು, ಎಲ್ಲಿ ಇಡಬೇಕು ಅನ್ನುವುದನ್ನೆಲ್ಲ ಆ ಹತ್ತು ಸೆಕೆಂಡಿನ ಲೆಕ್ಕದಲ್ಲೇ ಯೋಚಿಸಬೇಕು.

ಮೊದಲು ಬಾನೆಟ್ ಎತ್ತಿ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕಾರಿನಲ್ಲಿ ಬೆಂಕಿ ಎಲ್ಲಿ ಹುಟ್ಟಬಹುದು ಅಂತ ನೋಡಿ. ಅಂಬಾಸಿಡರ್, ಪದ್ಮಿನಿಯಂಥ ಕಾರುಗಳಲ್ಲಿ ಮುಖ್ಯ ಅಪಾಯ ಎರಡು. ಒಂದು ಪೆಟ್ರೋಲ್ ಪೈಪು, ಇನ್ನೊಂದು ವೈರಿಂಗ್.

ಪೈಪಿನ ವಿಷಯ ಈಗ ಇನ್ನೂ ಜಾಸ್ತಿ ಮುಖ್ಯ. 20% ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಹಳೆಯ ಕಾಲದ ರಬ್ಬರ್‌ಗೆ ಎಥೆನಾಲ್ ಆಗಿಬರುವುದಿಲ್ಲ. ಮೊದಲು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಹೊಸ ಪೈಪು ಹಾಕಿಸುವಾಗ ಅದರ ಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಅಚ್ಚು ಇದೆಯಾ ಅಂತ ನೋಡಿ. ಎಥೆನಾಲ್ ತಡೆದುಕೊಳ್ಳುವ ಪೈಪು ಅದು. ಸಿಲಿಂಡರಿಗಿಂತ ಮೊದಲು ಈ ಪೈಪಿಗೆ ದುಡ್ಡು ಹಾಕಿ ಅನ್ನುವವನು ನಾನು.

ವೈರಿಂಗ್‌ನದು ಬೇರೆ ಕತೆ. ಈ ಕಾರುಗಳಲ್ಲಿ ಇರುವುದೇ ಬೆರಳೆಣಿಕೆಯಷ್ಟು ಫ್ಯೂಸ್. ಅದರ ಮೇಲೆ ಮೂವತ್ತು ವರ್ಷದಿಂದ ಒಬ್ಬೊಬ್ಬ ಎಲೆಕ್ಟ್ರಿಷಿಯನ್ ಒಂದೊಂದು ವೈರ್ ಎಳೆದಿರುತ್ತಾನೆ. ಹಾರ್ನಿಗೆ ಒಂದು, ಸ್ಟೀರಿಯೋಗೆ ಒಂದು, ಫಾಗ್ ಲೈಟಿಗೆ ಇನ್ನೊಂದು. ಬ್ಯಾಟರಿಗೆ ಒಂದು ಕಟ್ ಆಫ್ ಸ್ವಿಚ್ ಹಾಕಿಸಿದರೆ ಅರ್ಧ ಚಿಂತೆ ಕಳೆಯಿತು. ಹಳೆಯ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದೀರಾ? ಎಂಜಿನ್ ನಿಂತರೂ ಕೀ ಆನ್ ಇರುವ ತನಕ ಅದು ಪೆಟ್ರೋಲ್ ತಳ್ಳುತ್ತಲೇ ಇರಬಹುದು. ಅದು ನೆನಪಿರಲಿ.

ಕಾರ್ಬುರೇಟರ್ ಬಾಯಿಗೆ ಮುಚ್ಚಳದಲ್ಲಿ ಪೆಟ್ರೋಲ್ ಹುಯ್ದು ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಎಂಜಿನ್ ಒಮ್ಮೆ ಉಲ್ಟಾ ಕೆಮ್ಮಿದರೆ ಬೆಂಕಿ ಮುಖಕ್ಕೇ ಬರುತ್ತದೆ. ದಯವಿಟ್ಟು ಬಿಟ್ಟುಬಿಡಿ.

ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆ ಎಲ್ಲವೂ ತಿರುವುಮುರುವು. ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ, ಬ್ಯಾಟರಿ ಹಿಂದಿನ ಸೀಟಿನ ಅಡಿ. ದಪ್ಪನೆಯವರು ಹಿಂದೆ ಕೂತಾಗ ಸೀಟಿನ ಸ್ಪ್ರಿಂಗ್ ಬ್ಯಾಟರಿಯ ಟರ್ಮಿನಲ್‌ಗೆ ತಾಗಿ ಹೊಗೆ ಎದ್ದದ್ದುಂಟು. ಬ್ಯಾಟರಿಗೆ ಮುಚ್ಚಳ ಇರಲೇಬೇಕು. ಇನ್ನೊಂದು ವಿಷಯ, ಬೀಟಲ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಹೊರಕವಚ, ಮೆಗ್ನೀಷಿಯಂ ಮಿಶ್ರಲೋಹದ್ದು. ಅದಕ್ಕೇ ಬೆಂಕಿ ಹತ್ತಿಕೊಂಡರೆ ಕಾರಿನಲ್ಲಿಡುವ ಯಾವ ಸಿಲಿಂಡರೂ ಸಾಲದು, ನೀರು ಹಾಕಿದರೆ ಇನ್ನೂ ಭಗ್ಗೆನ್ನುತ್ತದೆ. ಅಲ್ಲಿಗೆ ಮುಟ್ಟುವ ಮುಂಚೆಯೇ ಆರಿಸಬೇಕು, ಇಲ್ಲವಾದರೆ ದೂರ ಓಡಬೇಕು.

ಒಳಗೆ ಏನು ತುಂಬಿರಬೇಕು?

ಎಂಥ ಬೆಂಕಿಗೆ ಆಗುತ್ತದೆ ಅಂತ ಹೇಳುವ ಅಕ್ಷರಗಳು ಸಿಲಿಂಡರ್ ಮೇಲಿರುತ್ತವೆ. ಎ ಅಂದರೆ ಮರ, ಬಟ್ಟೆ, ಸೀಟಿನ ಸ್ಪಂಜಿನಂಥವು. ಬಿ ಅಂದರೆ ಪೆಟ್ರೋಲ್, ಆಯಿಲ್. ಸಿ ಅಂದರೆ ಗ್ಯಾಸ್. ಕಾರಿಗೆ ಬಿ ಇರಲೇಬೇಕು. ಬರೀ ನೀರಿನ ಸಿಲಿಂಡರ್ ಬೇಡವೇ ಬೇಡ, ಅದು ಉರಿಯುವ ಪೆಟ್ರೋಲನ್ನು ಇನ್ನಷ್ಟು ಹರಡುತ್ತದೆ.

ಎಲ್ಲ ಕಡೆ ಸಿಗುವುದು, ಅಗ್ಗವಾದದ್ದು ಎಬಿಸಿ ಪೌಡರ್. ಬೆಂಕಿ ಆರಿಸುವುದರಲ್ಲಿ ಇದರ ಮೇಲೆ ದೂರಿಲ್ಲ. ತೂಕಕ್ಕೆ ತೂಕ ನೋಡಿದರೆ ಪೆಟ್ರೋಲ್ ಬೆಂಕಿಗೆ ಪೌಡರ್‌ನಷ್ಟು ಜೋರಾದದ್ದು ಸಿಗುವುದು ಕಷ್ಟ. ಕಷ್ಟ ಶುರುವಾಗುವುದು ಆಮೇಲೆ. ಈ ಹಳದಿ ಪುಡಿ ಮೋನೋ ಅಮೋನಿಯಂ ಫಾಸ್ಫೇಟ್. ಕಾದ ಲೋಹದ ಮೇಲೆ ಕರಗಿ ಅಂಟುತ್ತದೆ. ತೇವ ಸೇರಿದರೆ ಆಮ್ಲದ ಗುಣ ತೋರಿಸಿ ಅಲ್ಯುಮಿನಿಯಂ ಭಾಗಗಳನ್ನು, ವೈರಿಂಗ್ ಕನೆಕ್ಷನ್‌ಗಳನ್ನು ತಿನ್ನುತ್ತದೆ. ನಮ್ಮ ಕರಾವಳಿಯ ಹವೆಯಲ್ಲಂತೂ ತೇವಕ್ಕೆ ಬರವಿಲ್ಲ. ಬಳಸಿದ ಮೇಲೆ ಒಂದೆರಡು ದಿನದೊಳಗೆ ಎಲ್ಲವನ್ನೂ ಬಿಚ್ಚಿ ತೊಳೆಸಬೇಕು. ‘ಬಿ.ಸಿ.’ ಪೌಡರ್, ಅಂದರೆ ಬಿ ಮತ್ತು ಸಿ ಬೆಂಕಿಗೆ ಮಾತ್ರ ಆಗುವ ಸೋಡಾ ಜಾತಿಯದ್ದು, ಇಷ್ಟು ಅಂಟುವುದಿಲ್ಲ. ಆದರೆ ಅದು ಸೀಟಿನ ಬೆಂಕಿಗೆ ಆಗದು.

ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್? ಗಲೀಜಿಲ್ಲ ಅಂತ ಎಲ್ಲರಿಗೂ ಇಷ್ಟ. ಆದರೆ ಸಿಲಿಂಡರ್ ಕಬ್ಬಿಣದ ಗುಂಡು. ಗಾಳಿ ಬೀಸಿದರೆ ಅನಿಲ ಹಾರಿಹೋಗುತ್ತದೆ, ಕಾದ ಲೋಹಕ್ಕೆ ತಾಗಿ ಪೆಟ್ರೋಲ್ ಮತ್ತೆ ಹತ್ತಿಕೊಳ್ಳಬಹುದು. ಮುಚ್ಚಿದ ಕಾರಿನೊಳಗೆ ಅದು ಸೋರಿದರೆ ಉಸಿರು ಕಟ್ಟುತ್ತದೆ. ಗ್ಯಾರೇಜಿನ ಗೋಡೆಗೆ ಸರಿ, ಕಾರಿಗೆ ಬೇಡ ಅನ್ನುತ್ತೇನೆ.

ಉಳಿದದ್ದು ಕ್ಲೀನ್ ಏಜೆಂಟ್, ಅಂದರೆ ಪುಡಿ, ಕಲೆ ಏನನ್ನೂ ಉಳಿಸದೆ ಬೆಂಕಿ ಆರಿಸುವ ರಾಸಾಯನಿಕ. ಎಚ್‌ಎಫ್‌ಸಿ-236ಎಫ್‌ಎ ತುಂಬಿದ ಸಿಲಿಂಡರ್‌ಗಳು ನಮ್ಮಲ್ಲಿ ಸಿಗುತ್ತವೆ. ಒಂದು ಕಾಲದಲ್ಲಿ ಈ ಜಾಗದಲ್ಲಿ ಹ್ಯಾಲಾನ್ 1211 ಎಂಬ ರಾಸಾಯನಿಕ ಇತ್ತು. ಓಝೋನ್ ಪದರ ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಡಿ ಅದರ ತಯಾರಿಕೆ ನಿಂತಿತು. ಕ್ಲೀನ್ ಏಜೆಂಟ್ ಪೈಂಟು, ಸೀಟು, ಕಾರ್ಬುರೇಟರ್ ಯಾವುದನ್ನೂ ಹಾಳು ಮಾಡುವುದಿಲ್ಲ, ಹಾರಿಹೋಗುತ್ತದೆ. ಬೆಲೆ ಮಾತ್ರ ಪೌಡರ್‌ನ ಹಲವು ಪಟ್ಟು. ಜೋರು ಉರಿಗೆ ತಾಗಿದಾಗ ವಿಷದ ಹೊಗೆ ಬರುತ್ತದೆ, ಆದ್ದರಿಂದ ಹೊರಗೆ ನಿಂತೇ ಬಳಸಬೇಕು.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡಿದ್ದರೆ 2 ಕೆ.ಜಿ. ಕ್ಲೀನ್ ಏಜೆಂಟ್. ಇಲ್ಲವಾದರೆ 2 ಕೆ.ಜಿ. ಎಬಿಸಿ ಪೌಡರ್, ಸಂಕೋಚ ಬೇಡ. ತೊಳೆಯಲು ಕಾರು ಉಳಿದಿರಬೇಕಲ್ವಾ? ಬೊಂಬೆಯಂಥ ಅರ್ಧ ಕೆ.ಜಿ. ಸ್ಪ್ರೇ ಡಬ್ಬಗಳನ್ನು ನಂಬಿ ಪೆಟ್ರೋಲ್ ಕಾರು ಓಡಿಸಬೇಡಿ.

ರ‍್ಯಾಲಿಗಳಲ್ಲಿ ಬೆಂಕಿ ಆರಿಸಲು ಹಿಂದೆ ಬಳಸುತ್ತಿದ್ದ ಹಳೆಯ ಹಿತ್ತಾಳೆಯ ಪೈರೀನ್ ಪಂಪನ್ನು ಪಳಪಳ ಹೊಳೆಯಿಸಿ ಕಾರಿಗೆ ಸಿಕ್ಕಿಸಿಕೊಂಡವರನ್ನು ನೋಡಿರುತ್ತೀರಿ. ನೋಡಲು ಚಂದವೇ. ಅದರೊಳಗೆ ಇರುತ್ತಿದ್ದದ್ದು ಕಾರ್ಬನ್ ಟೆಟ್ರಾಕ್ಲೋರೈಡ್. ಅದೇ ಒಂದು ವಿಷ, ಬೆಂಕಿಗೆ ಬಿದ್ದರೆ ಫಾಸ್ಜೀನ್ ಎಂಬ ಇನ್ನೂ ಘೋರ ವಿಷ. ಕುಲುಕಿದಾಗ ಒಳಗೆ ದ್ರವ ಅಲುಗಿದರೆ ನೀವೇ ಬಿಚ್ಚಬೇಡಿ, ತಿಳಿದವರಿಗೆ ಕೊಡಿ. ಖಾಲಿ ಇದ್ದರೆ ಒಡವೆಯಾಗಿ ಇರಲಿ.

ಲೇಬಲ್ ಓದಿ

ಐಎಸ್‌ಐ ಗುರುತು ಮತ್ತು ಐಎಸ್ 15683 ಎಂಬ ಸಂಖ್ಯೆ ಇರಬೇಕು. 21ಬಿ, 34ಬಿ ಎಂದೆಲ್ಲ ಬರೆದಿರುತ್ತದೆ. ಬಿ ಮುಂಚಿನ ಸಂಖ್ಯೆ ದೊಡ್ಡದಾದಷ್ಟೂ ಅದು ಆರಿಸಬಲ್ಲ ಪೆಟ್ರೋಲ್ ಬೆಂಕಿ ದೊಡ್ಡದು. ತಯಾರಾದ ತಿಂಗಳು, ವರ್ಷ ನೋಡಿ. ಗೇಜಿನ ಮುಳ್ಳು ಹಸಿರಿನಲ್ಲಿ ಇರಬೇಕು. ಗೇಜ್ ಇಲ್ಲದ್ದು ಬೇಡ. ಎಷ್ಟು ಡಿಗ್ರಿ ಶಾಖದವರೆಗೆ ಇಡಬಹುದು ಎಂಬುದನ್ನೂ ಓದಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗು ಒಲೆಯೇ.

ಎಲ್ಲಿ ಕೂರಿಸುವುದು

ಡ್ರೈವರ್ ಸೀಟಿನಲ್ಲಿ ಕೂತವರ ಕೈಗೆ ಸಿಗಬೇಕು. ಹೊರಗೆ ನಿಂತು ಬಾಗಿದರೂ ಸಿಗಬೇಕು. ಡಿಕ್ಕಿ ಬೇಡ, ಬಿಸಿಲು ಬೀಳುವ ಹಿಂದಿನ ಗಾಜಿನ ಕೆಳಗೂ ಬೇಡ. ನನ್ನದು ಈಗ ಎಡಗಡೆ ಮುಂದಿನ ಸೀಟಿನ ಎದುರು, ನೆಲಕ್ಕೆ ಅಡ್ಡಲಾಗಿ ಮಲಗಿದೆ. ಅಲ್ಲಿ ಕೂರುವ ಮನೆಯವರು ಕಾಲು ಚಾಚಲು ಆಗಲ್ಲ ಅಂತ ಇನ್ನೂ ಗೊಣಗುತ್ತಾರೆ.

ಪ್ಲಾಸ್ಟಿಕ್ ಕ್ಲಿಪ್ಪು ಸಾಲದು. ಲೋಹದ ಪಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ ಇರುವ ಬ್ರಾಕೆಟ್ ತಗೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಹಳೇ ಕಾರಿನ ನೆಲಕ್ಕೆ ಡ್ರಿಲ್ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೆ ಉಪಾಯ ಇದೆ. ಸೀಟಿನ ಹಳಿಯ ಬೋಲ್ಟುಗಳನ್ನೇ ಬಳಸಿ ಒಂದು ತಗಡಿನ ಪಟ್ಟಿ ಕೂರಿಸಿ, ಬ್ರಾಕೆಟ್ಟನ್ನು ಅದಕ್ಕೆ ಬಿಗಿಸಿ. ಸುಮ್ನೆ ಸೀಟಿನ ಕೆಳಗೆ ಉರುಳಿಸಿ ಬಿಡಬೇಡಿ. ಅದು ಒಂದು ದಿನ ಬ್ರೇಕ್ ಪೆಡಲ್ ಅಡಿಗೆ ಬಂದು ನಿಲ್ಲುತ್ತದೆ.

ಪೌಡರ್ ಸಿಲಿಂಡರ್ ಆದರೆ ತಿಂಗಳಿಗೊಮ್ಮೆ ಬಿಚ್ಚಿ, ತಲೆಕೆಳಗು ಮಾಡಿ ಅಲ್ಲಾಡಿಸಿ. ಓಡಾಟದ ಕುಲುಕಿಗೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ.

ಹೊಗೆ ಕಂಡಾಗ

ಪಕ್ಕಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ. 112ಕ್ಕೆ ಫೋನ್ ಮಾಡಲು ಅವರಲ್ಲಿ ಒಬ್ಬರಿಗೆ ಹೇಳಿ. ಬಾನೆಟ್ಟನ್ನು ಪೂರ್ತಿ ಎತ್ತಬೇಡಿ. ಎತ್ತಿದರೆ ಒಳಗೆ ಗಾಳಿ ನುಗ್ಗಿ ಉರಿ ಏಳುತ್ತದೆ. ಲಾಕ್ ಬಿಡಿಸಿ, ಎರಡು ಬೆರಳಿನಷ್ಟು ಸಂದು ಮಾಡಿ, ಮುಖ ಪಕ್ಕಕ್ಕೆ ತಿರುಗಿಸಿ, ಆ ಸಂದಿನಿಂದ ಉರಿಯ ಬುಡಕ್ಕೆ ಹೊಡೆಯಿರಿ. ಗಾಳಿ ನಿಮ್ಮ ಬೆನ್ನಿಗೆ ಇರಲಿ. ಆರಿದ ಮೇಲೂ ಸ್ವಲ್ಪ ಉಳಿಸಿಕೊಂಡು ಕಾಯಿರಿ, ಮತ್ತೆ ಹತ್ತಿಕೊಳ್ಳಬಹುದು. ಸಿಲಿಂಡರ್ ಖಾಲಿಯಾಗಿ ಬೆಂಕಿ ಇನ್ನೂ ಇದ್ದರೆ ಅಥವಾ ಟ್ಯಾಂಕಿನ ಕಡೆ ಹೊರಟಿದ್ದರೆ, ಕಾರಿನ ಆಸೆ ಬಿಟ್ಟು ದೂರ ನಡೆಯಿರಿ.

ಒಂದೇ ಒಂದು ಸಲ ಒತ್ತಿದ್ದರೂ ರೀಫಿಲ್ ಮಾಡಿಸಲೇಬೇಕು. ವಾಲ್ವ್‌ನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ನಿಧಾನಕ್ಕೆ ಸೋರಿಹೋಗುತ್ತದೆ. ಪೌಡರ್ ಸಿಲಿಂಡರಿನ ಅವಧಿ ಮುಗಿದಾಗ, ರೀಫಿಲ್‌ಗೆ ಕೊಡುವ ಮುಂಚೆ ಖಾಲಿ ಬಯಲಿನಲ್ಲಿ ಒಮ್ಮೆ ಹೊಡೆದು ನೋಡಿ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಂದಲೂ ಹೊಡೆಸಿ. ನಾನು ಮೊದಲ ಸಲ ಪಿನ್ ಎಳೆಯುವುದನ್ನೇ ಮರೆತು ಹಿಡಿ ಅದುಮುತ್ತಾ ನಿಂತಿದ್ದೆ.