ಎಂಜಿನಿಯರಿಂಗ್‌ನಿಂದ ಹಣಕಾಸಿಗೆ: ಮೊದಲ ಹುದ್ದೆಯನ್ನು ಆರಿಸಿಕೊಳ್ಳುವುದು ಹೇಗೆ?

ಎಂಜಿನಿಯರಿಂಗ್‌ನಲ್ಲಿ ನಾಲ್ಕಾರು ವರ್ಷ ದುಡಿದು ಹಣಕಾಸು ಕ್ಷೇತ್ರಕ್ಕೆ ಹೊರಟವರು ಗಣಿತದಲ್ಲಿ ಎಡವಿದ್ದನ್ನು ನಾನು ಕಂಡಿದ್ದು ಕಡಿಮೆ. ಅವರು ಎಡವುವುದು ಹುದ್ದೆಯ ಹೆಸರನ್ನು ನಂಬಿ. ‘ಫೈನಾನ್ಷಿಯಲ್ ಅನಾಲಿಸ್ಟ್’ ಎಂಬ ಒಂದೇ ಹೆಸರಿನಡಿ ಒಂದು ಸಂಸ್ಥೆಯಲ್ಲಿ ಬಜೆಟ್ ತಯಾರಾಗುತ್ತದೆ, ಇನ್ನೊಂದರಲ್ಲಿ ಸಾಲದ ಅರ್ಜಿಗಳ ಪರಿಶೀಲನೆ ನಡೆಯುತ್ತದೆ, ಮತ್ತೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಎರಡು ಪಟ್ಟಿಗಳನ್ನು ತಾಳೆ ನೋಡುವ ಕೆಲಸವಿರುತ್ತದೆ. ಸೇರಿದ ಆರು ತಿಂಗಳಿಗೇ ಬೇಸತ್ತು ಹೊರಬೀಳುವವರಲ್ಲಿ ಹೆಚ್ಚಿನವರು, ಆ ಕುರ್ಚಿಯಲ್ಲಿ ಕುಳಿತವರು ದಿನವಿಡೀ ಏನು ಮಾಡುತ್ತಾರೆಂದು ಮೊದಲೇ ವಿಚಾರಿಸಿರುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆಯಾಗಿ, ಜಾಹೀರಾತಿನ ತಲೆಬರಹವನ್ನು ಬದಿಗಿಟ್ಟು ಕೆಲಸದ ವಿವರವನ್ನು ಓದಿ. ಫೋರ್‌ಕಾಸ್ಟ್, ಬಜೆಟ್, ವೇರಿಯನ್ಸ್ ಎಂಬ ಪದಗಳು ಹೆಚ್ಚಾಗಿದ್ದರೆ ಅದು ಸಂಸ್ಥೆಯ ಒಳಗಿನ ಹಣಕಾಸು ಯೋಜನಾ ವಿಭಾಗ. ಯೋಜಿಸಿದ ಖರ್ಚಿಗೂ ಆದ ಖರ್ಚಿಗೂ ಇರುವ ಅಂತರಕ್ಕೆ ತಿಂಗಳು ತಿಂಗಳೂ ಕಾರಣ ಹುಡುಕುವುದು ಅಲ್ಲಿನ ಕೆಲಸ. ರೇಟಿಂಗ್, ಲಿಮಿಟ್, ಕವೆನಂಟ್ ಎಂದಿದ್ದರೆ ಅದು ಕ್ರೆಡಿಟ್, ಅಂದರೆ ಸಾಲ ಕೇಳುವವರಿಗೆ ಅದನ್ನು ತೀರಿಸುವ ಶಕ್ತಿಯಿದೆಯೇ ಎಂದು ತೂಗುವ ಕೆಲಸ. ವ್ಯಾಲಿಡೇಷನ್, ಬ್ಯಾಕ್‌ಟೆಸ್ಟಿಂಗ್ ಎಂದಿದ್ದರೆ ರಿಸ್ಕ್ ವಿಭಾಗ, ಅಂದರೆ ನಷ್ಟದ ಅಪಾಯವನ್ನು ಅಳೆಯುವ, ಆ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ರಿಕನ್ಸಿಲಿಯೇಷನ್, ಸೆಟಲ್‌ಮೆಂಟ್ ಎಂದಿದ್ದರೆ ಅದು ಆಪರೇಷನ್ಸ್, ಅಂದರೆ ಪಟ್ಟಿಗಳನ್ನು ತಾಳೆ ನೋಡಿ ವಹಿವಾಟುಗಳನ್ನು ಪೂರ್ಣಗೊಳಿಸುವ ಕೆಲಸ. ಆಪರೇಷನ್ಸ್ ಗೌರವದ ಕೆಲಸ, ಅದು ನಿಂತರೆ ಮಾರುಕಟ್ಟೆಯೇ ನಿಲ್ಲುತ್ತದೆ. ಆದರೆ ‘ಮೊದಲು ಒಳಗೆ ಸೇರಿಕೊಳ್ಳೋಣ, ಆಮೇಲೆ ವಿಶ್ಲೇಷಣೆಯ ಕಡೆಗೆ ಜಿಗಿಯೋಣ’ ಎಂಬ ಲೆಕ್ಕಾಚಾರದಲ್ಲಿ ಅಲ್ಲಿಗೆ ಹೋಗಬೇಡಿ. ಆ ಜಿಗಿತ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ.

ಎರಡನೆಯದಾಗಿ, ನಿಮಗೆ ಈಗಾಗಲೇ ಗೊತ್ತಿರುವ ಉದ್ಯಮ ಯಾವುದೆಂದು ಬರೆದುಕೊಳ್ಳಿ. ವಿದ್ಯುತ್ ಸ್ಥಾವರದಲ್ಲಿ ದುಡಿದವರಿಗೆ ಒಂದು ಟರ್ಬೈನ್ ನಿಂತರೆ ಉತ್ಪಾದನೆ ಎಷ್ಟು ಕುಸಿಯುತ್ತದೆ, ದುರಸ್ತಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಗೊತ್ತು; ಆ ಸ್ಥಾವರಕ್ಕೆ ಸಾಲ ಕೊಡುವ ಬ್ಯಾಂಕಿನಲ್ಲಿ ಕುಳಿತವರಿಗೆ ಅದು ಗೊತ್ತಿರುವ ಸಂಭವ ಕಡಿಮೆ. ಪ್ರಾಜೆಕ್ಟ್ ಫೈನಾನ್ಸ್‌ನಲ್ಲಿ ಸಾಲ ತೀರುವುದು ಮುಖ್ಯವಾಗಿ ಆ ಯೋಜನೆಯೇ ಗಳಿಸುವ ಹಣದಿಂದ. ಆದ್ದರಿಂದ ಯಂತ್ರವನ್ನು ಬಲ್ಲವರ ಮಾತಿಗೆ ಅಲ್ಲಿ ಬೆಲೆಯಿದೆ. ಇನ್ನೊಂದು ಒಳದಾರಿಯೂ ಇದೆ. ಈಗಿರುವ ಸಂಸ್ಥೆಯಲ್ಲೇ ಹಣಕಾಸು ವಿಭಾಗಕ್ಕೆ ವರ್ಗ ಕೇಳಿ. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ.

ಮೂರನೆಯ ಹೆಜ್ಜೆಯಲ್ಲೇ ಜನ ಅವಸರ ಮಾಡುವುದು, ಆದ್ದರಿಂದ ಇಲ್ಲಿ ನಿಧಾನವಾಗಿ ನಡೆಯೋಣ. ಅರ್ಜಿ ಹಾಕುವ ಮೊದಲು ಆ ಕೆಲಸವನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡಬೇಕು. ನಿಮಗೆ ಪರಿಚಯವಿರುವ ಉದ್ಯಮದ, ಷೇರುಪೇಟೆಯಲ್ಲಿರುವ ಒಂದು ಕಂಪನಿಯನ್ನು ಆರಿಸಿಕೊಂಡು, ಅದರ ಐದು ವರ್ಷಗಳ ವಾರ್ಷಿಕ ವರದಿಗಳನ್ನು ಇಳಿಸಿಕೊಳ್ಳಿ. ಲಾಭ–ನಷ್ಟ ಪಟ್ಟಿ, ಆಸ್ತಿ–ಹೊಣೆ ಪಟ್ಟಿ, ನಗದು ಹರಿವಿನ ಪಟ್ಟಿ ಈ ಮೂರನ್ನೂ ಖಾಲಿ ಎಕ್ಸೆಲ್ ಹಾಳೆಯಲ್ಲಿ ನೀವೇ ಕೈಯಾರೆ ತುಂಬಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಟೆಂಪ್ಲೇಟುಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಅಂಕಿಗಳನ್ನು ತುಂಬಿದವರಿಗೆ ಪಟ್ಟಿಗಳ ನಡುವಿನ ಕೊಂಡಿ ಎಲ್ಲಿದೆಯೆಂಬುದು ಕೊನೆಗೂ ತಿಳಿಯುವುದಿಲ್ಲ.

ಆ ಕೊಂಡಿಯನ್ನು ಹೀಗೆ ಕಟ್ಟಬೇಕು. ನಿವ್ವಳ ಲಾಭದಿಂದ ಆರಂಭಿಸಿ, ಸವಕಳಿಯನ್ನು (ಯಂತ್ರ, ಕಟ್ಟಡಗಳ ಬೆಲೆಯನ್ನು ಅವು ಬಾಳುವ ವರ್ಷಗಳಿಗೆ ಹಂಚಿ ತೋರಿಸುವ ಖರ್ಚು) ಮರಳಿ ಕೂಡಿಸಿ; ಗ್ರಾಹಕರಿಂದ ಬರಬೇಕಾದ ಬಾಕಿಯೂ ದಾಸ್ತಾನೂ ಹೆಚ್ಚಿದ್ದರೆ ಆ ಹೆಚ್ಚಳವನ್ನು ಕಳೆಯಿರಿ; ಸರಕು ಕೊಟ್ಟವರಿಗೆ ನಾವು ತೆರಬೇಕಾದ ಬಾಕಿ ಹೆಚ್ಚಿದ್ದರೆ ಅದನ್ನು ಕೂಡಿಸಿ. ಸಿಗುವ ಮೊತ್ತ, ವ್ಯವಹಾರದಿಂದ ಬಂದ ನಗದಿನ ಹತ್ತಿರಕ್ಕೆ ಬರಬೇಕು. ಬರದಿದ್ದರೆ ಅದರ ಕಾರಣ ವರದಿಯ ಟಿಪ್ಪಣಿಗಳಲ್ಲಿರುತ್ತದೆ. ಎಂಜಿನಿಯರುಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ, ಲಾಭವೆಂದರೆ ಕೈಗೆ ಬಂದ ಹಣವೆಂದು ತಿಳಿದು. 70 ಕೊಟ್ಟು ತಂದ ಸರಕನ್ನು ಮೂರು ತಿಂಗಳ ಕಡದ ಮೇಲೆ 100ಕ್ಕೆ ಮಾರಿದರೆ ಪುಸ್ತಕದಲ್ಲಿ ಅಂದೇ 30 ಲಾಭ, ಆದರೆ ಪೆಟ್ಟಿಗೆಯಿಂದ 70 ಹೊರಗೆ ಹೋಗಿದೆ, ಒಳಗೆ ಏನೂ ಬಂದಿಲ್ಲ. 500 ಕೊಟ್ಟು ಐದು ವರ್ಷ ಬಾಳುವ ಯಂತ್ರ ಕೊಂಡರೆ ನಗದು ಒಮ್ಮೆಗೇ ಹೋಗುತ್ತದೆ, ಪುಸ್ತಕದ ಖರ್ಚು ಮಾತ್ರ ವರ್ಷಕ್ಕೆ 100ರಂತೆ ಹಂಚಿಕೆಯಾಗುತ್ತದೆ. ಪುಸ್ತಕದಲ್ಲಿ ಲಾಭ ತೋರಿಸುತ್ತಲೇ ಸಂಬಳಕ್ಕೆ ಹಣವಿಲ್ಲದೆ ಕಂಪನಿಗಳು ಮುಳುಗುವುದು ಈ ಅಂತರದಲ್ಲಿಯೇ.

ಹಾಳೆ ಮುಗಿದ ಮೇಲೆ, ಈ ಕಂಪನಿಗೆ ನೀವು ಸಾಲ ಕೊಡುವಿರಾ ಎಂಬ ಪ್ರಶ್ನೆಗೆ ಒಂದು ಪುಟದ ಉತ್ತರ ಬರೆಯಿರಿ. ವ್ಯವಹಾರದಿಂದ ಬರುವ ನಗದು, ಆ ವರ್ಷ ಕಟ್ಟಬೇಕಾದ ಬಡ್ಡಿ ಮತ್ತು ಅಸಲಿಗೆ ಸಾಲುತ್ತದೆಯೇ, ಮಾರಾಟ ಐದರಲ್ಲಿ ಒಂದು ಪಾಲು ಕುಸಿದರೂ ಸಾಲುತ್ತದೆಯೇ ಎಂಬುದು ಅದರಲ್ಲಿರಲಿ. ಬರೆಯುವಾಗ ನಿಮ್ಮ ಮನಸ್ಸು ಎತ್ತ ಎಳೆಯಿತೆಂದು ಗಮನಿಸಿ. ಟಿಪ್ಪಣಿಗಳನ್ನು ಕೆದಕಿ, ಅಡಗಿದ ಸಾಲವನ್ನು ಹುಡುಕುವುದರಲ್ಲಿ ಹೊತ್ತು ಹೋದದ್ದೇ ತಿಳಿಯದಿದ್ದರೆ ಕ್ರೆಡಿಟ್ ನಿಮ್ಮ ಜಾಗ. ಮುಂದಿನ ವರ್ಷದ ಅಂಕಿ ಹೇಗಿದ್ದೀತು, ಯಾವ ವಿಭಾಗ ಹಣ ಪೋಲು ಮಾಡುತ್ತಿದೆ ಎಂಬ ಕುತೂಹಲ ಹುಟ್ಟಿದರೆ ಯೋಜನಾ ವಿಭಾಗ. ಮಾರಾಟ ಕುಸಿಯುವುದಾದರೆ ಐದರಲ್ಲಿ ಒಂದು ಪಾಲೇ ಏಕೆ, ಆ ಊಹೆಗೆ ಆಧಾರವೇನು ಎಂಬುದೇ ಕೊರೆಯತೊಡಗಿದರೆ ರಿಸ್ಕ್. ಇಡೀ ಅಭ್ಯಾಸವೇ ಬೇಸರ ತಂದರೆ, ಹಣಕಾಸಿನ ಯಾವ ಆರಂಭಿಕ ಹುದ್ದೆಯೂ ನಿಮಗೆ ಸುಖ ಕೊಡಲಾರದೆಂದು ಎರಡು ವಾರದಲ್ಲೇ ತಿಳಿದಂತಾಯಿತು, ಅದು ಉಳಿತಾಯವೇ.

ನನ್ನನ್ನು ಕೇಳಿದರೆ, ಎಲ್ಲಿಗೆಂದು ತೋಚದವರು ಕ್ರೆಡಿಟ್‌ನಿಂದಲೇ ಆರಂಭಿಸಬೇಕು. ಹತ್ತಾರು ಉದ್ಯಮಗಳ ಲೆಕ್ಕ ಕಣ್ಣಿಗೆ ಬೀಳುತ್ತದೆ, ಬರೆದ ಅಭಿಪ್ರಾಯಕ್ಕೆ ಹೊಣೆ ಹೊರಬೇಕಾಗುತ್ತದೆ, ಅಲ್ಲಿ ಕಲಿತದ್ದು ಮುಂದೆ ಎಲ್ಲಿಗೆ ಹೋದರೂ ಕೆಲಸಕ್ಕೆ ಬರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ನಿಜವಾಗಿಯೂ ಗಟ್ಟಿಯಾಗಿರುವವರು ರಿಸ್ಕ್ ವಿಭಾಗದ ಮಾಡೆಲ್ ವ್ಯಾಲಿಡೇಷನ್ ನೋಡಲಿ, ಅಂದರೆ ಬ್ಯಾಂಕು ಬಳಸುವ ಲೆಕ್ಕಾಚಾರದ ಮಾದರಿಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಕೆಲಸ. ಮಾಡೆಲ್ ಕಟ್ಟಿದವರಿಂದ ಸ್ವತಂತ್ರವಾಗಿರುವವರು ಅದನ್ನು ಪರೀಕ್ಷಿಸಬೇಕೆಂಬುದನ್ನು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2011ರ ಮಾರ್ಗಸೂಚಿಯಲ್ಲಿ ಒತ್ತಿಹೇಳಿತು. ಮರುವರ್ಷವೇ ಜೆಪಿ ಮಾರ್ಗನ್ ಬ್ಯಾಂಕು ಲಂಡನ್ ಕಚೇರಿಯ ವಹಿವಾಟಿನಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಾಗ, ಅಪಾಯ ಅಳೆಯುವ ಮಾಡೆಲ್‌ನ ಸ್ಪ್ರೆಡ್‌ಶೀಟಿನಲ್ಲಿ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಮೊತ್ತದಿಂದ ಭಾಗಿಸಿದ್ದು ತನಿಖೆಯಲ್ಲಿ ಹೊರಬಂತು. ಅಪಾಯವನ್ನು ಇದ್ದುದಕ್ಕಿಂತ ಕಡಿಮೆ ಮಾಡಿ ತೋರಿಸಿದ ಆ ತಪ್ಪನ್ನು ಹಿಡಿಯಲು ಬೇಕಾದುದು, ಎಂಜಿನಿಯರು ಬೇರೆಯವರ ನಕ್ಷೆಯನ್ನು ಪರಿಶೀಲಿಸುವಾಗ ತೋರುವ ಎಚ್ಚರವೇ.

ಸರ್ಟಿಫಿಕೇಟುಗಳ ವಿಷಯ. ಹೂಡಿಕೆ ವಿಶ್ಲೇಷಣೆಯ ಪರೀಕ್ಷೆಯಾದ ಸಿಎಫ್‌ಎಗೆ (ಚಾರ್ಟರ್ಡ್ ಫೈನಾನ್ಷಿಯಲ್ ಅನಾಲಿಸ್ಟ್) ಮೂರು ಹಂತಗಳಿವೆ, ಪ್ರತಿ ಹಂತಕ್ಕೂ ಸುಮಾರು 300 ಗಂಟೆಗಳ ಓದು ಬೇಕೆಂಬುದು ಸಾಮಾನ್ಯ ಅಂದಾಜು. ರಿಸ್ಕ್‌ಗೆ ಸಂಬಂಧಿಸಿದ ಎಫ್‌ಆರ್‌ಎಂಗೆ (ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್) ಎರಡು ಭಾಗ. ಹುದ್ದೆಯ ದಿಕ್ಕು ನಿಶ್ಚಯವಾದ ಮೇಲೆ ಮೊದಲ ಹಂತಕ್ಕೆ ಶುಲ್ಕ ಕಟ್ಟಿ, ಅದಕ್ಕೂ ಮೊದಲು ಬೇಡ. ‘ಕೆಲಸ ಗ್ಯಾರಂಟಿ’ ಎಂದು ಮಾರುವ ಆರು ವಾರದ ಫೈನಾನ್ಷಿಯಲ್ ಮಾಡೆಲಿಂಗ್ ಕೋರ್ಸುಗಳಿಗೆ ಹಣ ಸುರಿಯಲೇಬೇಡಿ. ಮೇಲೆ ಹೇಳಿದ ಹಾಳೆಯನ್ನು ಮೂರು ಕಂಪನಿಗಳಿಗೆ ಕಟ್ಟಿದವರಿಗೆ ಅವುಗಳಿಂದ ಸಿಗುವುದು ಹೆಚ್ಚೇನೂ ಇಲ್ಲ.

ರೆಸ್ಯುಮೆಯನ್ನು ಒಂದು ಪುಟಕ್ಕೆ ಇಳಿಸಿ, ತಂತ್ರಜ್ಞಾನದ ಪದಗಳ ಜಾಗದಲ್ಲಿ ನೀವು ಉಳಿಸಿದ ಹಣ ಮತ್ತು ಸಮಯವನ್ನು ಬರೆಯಿರಿ.

ಸಂದರ್ಶನದಲ್ಲಿ ನಿಮ್ಮ ಸರದಿ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿ: ಈ ಹುದ್ದೆಯಲ್ಲಿದ್ದವರು ಕಳೆದ ತಿಂಗಳು ತಯಾರಿಸಿದ ಕೊನೆಯ ವರದಿ ಯಾವುದು, ಅದು ಯಾರ ಕೈ ಸೇರಿತು, ಅದನ್ನು ಓದಿ ಅವರು ಏನನ್ನು ನಿರ್ಧರಿಸಿದರು? ಮೂರನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ ಬರದಿದ್ದರೆ, ಸಂಬಳ ತುಸು ಹೆಚ್ಚಿದ್ದರೂ ಆ ಹುದ್ದೆಯನ್ನು ಬಿಟ್ಟು ಮುಂದಿನದಕ್ಕೆ ಅರ್ಜಿ ಹಾಕಿ.