ಹೊಸ ಬ್ಯಾಟರಿಯನ್ನು ಸೆಕೆಯಿಂದ ಕಾಪಾಡಿ

ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ ಹಾಕಿಸಿದ ದಿನ ಅದನ್ನು ರಾತ್ರಿಯಿಡೀ ಚಾರ್ಜ್‌ಗೆ ಇಡುವವರು ಈಗಲೂ ಇದ್ದಾರೆ. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ರೂಢಿ. 1991ರಲ್ಲಿ ಮಾರುಕಟ್ಟೆಗೆ ಬಂದ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಗೆ ಅದು ಬೇಕಿಲ್ಲ. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಎಂದಿನಂತೆ ಬಳಸಿ.

ಅಂಗಡಿಯಿಂದ ಹೊರಡುವ ಮೊದಲೇ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ವಿಂಡೋಸ್‌ನಲ್ಲಿ ಈ ಸೌಲಭ್ಯ ಮೊದಲೇ ಇರುತ್ತದೆ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ (ತಯಾರಿಸುವಾಗ ನಿಗದಿಯಾದ ಸಾಮರ್ಥ್ಯ), ‘ಫುಲ್ ಚಾರ್ಜ್ ಕೆಪಾಸಿಟಿ’ (ಈಗ ನಿಜಕ್ಕೂ ತುಂಬುವಷ್ಟು) ಎಂಬ ಎರಡು ಅಂಕಿಗಳಿವೆ. ಹೊಸ ಬ್ಯಾಟರಿಯಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಎರಡನೆಯದು ತೀರ ಕಡಿಮೆಯಿದ್ದರೆ ಅಲ್ಲಿಯೇ ಬದಲಿಸಿಕೊಳ್ಳಿ.

ಇನ್ನು ಸೆಕೆಯ ವಿಷಯ. ಕಾರವಾರದವರು ಇದನ್ನು ಲಘುವಾಗಿ ನೋಡಲೇಬಾರದು. ಬಿಸಿ ಹೆಚ್ಚಿದಂತೆ ಬ್ಯಾಟರಿಯ ಒಳಗಿನ ಸವೆತವೂ ಹೆಚ್ಚುತ್ತದೆ. ಪ್ರತಿಶತ ನೂರರಷ್ಟು ಚಾರ್ಜ್ ತುಂಬಿರುವಾಗ ಬಿಸಿ ತಾಗಿದರಂತೂ ಇನ್ನೂ ಕೆಟ್ಟದ್ದು. ನಾನು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಲ್ಯಾಪ್‌ಟಾಪನ್ನು ಹತ್ತಿಯ ಹಾಸಿಗೆಯ ಮೇಲಿಟ್ಟು, ಚಾರ್ಜರ್ ಚುಚ್ಚಿಯೇ ಕೆಲಸ ಮಾಡುತ್ತಿದ್ದೆ. ತಳದ ಗಾಳಿಕಿಂಡಿಗಳು ಮುಚ್ಚಿಹೋಗುತ್ತಿದ್ದವು. ಎರಡು ವರ್ಷ ತುಂಬುವ ಮೊದಲೇ ಟಚ್‌ಪ್ಯಾಡ್ ಒತ್ತಿದರೆ ‘ಟಕ್’ ಎನ್ನುವುದು ನಿಂತಿತು. ಆಮೇಲೆ ಮುಚ್ಚಳ ಮುಚ್ಚಿದಾಗ ಒಂದು ಮೂಲೆಯಲ್ಲಿ ಅಕ್ಕಿಕಾಳು ತೂರುವಷ್ಟು ಸಂದು ಕಂಡಿತು. ಒಳಗೆ ಬ್ಯಾಟರಿ ಉಬ್ಬಿತ್ತು. ಹೀಗಾದರೆ ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಬೇಕು; ಒತ್ತಿ ಸರಿಮಾಡಲು, ಚುಚ್ಚಿ ನೋಡಲು ಹೋಗಲೇಬಾರದು. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಆದ್ದರಿಂದ ಗಟ್ಟಿಯಾದ ಮೇಜು ಅಥವಾ ಮಣೆಯ ಮೇಲಿಟ್ಟು ಕೆಲಸ ಮಾಡಿ. ಟ್ಯಾಗೋರ್ ಕಡಲತೀರಕ್ಕೆ ಹೋದಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಲ್ಯಾಪ್‌ಟಾಪ್ ಚೀಲ ಬಿಟ್ಟಿಳಿಯಬೇಡಿ. ಎ.ಸಿ. ಕೋಣೆಯಿಂದ ಹೊರಬಂದೊಡನೆ ಕನ್ನಡಕದ ಗಾಜು ಮಂಜಾಗುವುದಿಲ್ಲವೇ? ಲ್ಯಾಪ್‌ಟಾಪಿನ ತಣ್ಣಗಿನ ಲೋಹದ ಮೇಲೂ ಹಾಗೆಯೇ ತೇವ ಕೂರುತ್ತದೆ. ಸ್ವಲ್ಪ ಹೊತ್ತು ಚೀಲದಲ್ಲೇ ಇರಲಿ, ಆಮೇಲೆ ತೆರೆಯಿರಿ.

ದಿನದ ಬಳಕೆಯಲ್ಲಿ ಚಾರ್ಜ್ 20ರಿಂದ 80 ಪ್ರತಿಶತದ ನಡುವೆ ಇದ್ದರೆ ಬ್ಯಾಟರಿಗೆ ಹಿತ. ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಕೆಲಸ ಮಾಡುವವರು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹಾಕಿಕೊಳ್ಳಿ; ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದಿದೆ. ಆದರೆ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಕುಳಿತು ಬೆಂಗಳೂರಿನ ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಈ ನಿಯಮ ಹೇಳಲಾರೆ. ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಿತಿ ತೆಗೆದು ನೂರಕ್ಕೆ ತುಂಬಿಸಿಕೊಳ್ಳಿ. ಬ್ಯಾಟರಿ ಇರುವುದು ನಿಮ್ಮ ಕೆಲಸಕ್ಕಾಗಿ. ಸಿಡಿಲಿನ ಸದ್ದು ಕೇಳಿದರೆ ಮಾತ್ರ ಚಾರ್ಜರನ್ನು ಗೋಡೆಯಿಂದಲೇ ಕಿತ್ತಿಡಿ.

ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಅರ್ಧದಷ್ಟು ಚಾರ್ಜ್ ಉಳಿಸಿ, ಪೂರ್ತಿ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಹೆಂಚಿನ ಮಾಡಿನ ಕೆಳಗಿನ ಅಟ್ಟ ಬೇಡ.

ತೆಗೆದ ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರುಬಳಕೆಗೆ ಸೇರಿಸುವ ಹೊಣೆ ತಯಾರಕರದ್ದು. ಹೊಸದನ್ನು ಹಾಕಿಸಿದ ಅಂಗಡಿಯಲ್ಲೇ ಕೇಳಿ, ಅಲ್ಲಿಯೇ ಒಪ್ಪಿಸಿ ಬನ್ನಿ.