ಟೀ ಚೀಲ ಹಿಂಡಬೇಡಿ

ಮಗಳ ಬಾಣಂತನಕ್ಕೆಂದು ಅಟ್ಲಾಂಟಾಕ್ಕೆ ಹೋದಾಗ ಜುಲೈ ತಿಂಗಳು. ಅಮೆರಿಕ ಅಂದರೆ ಚಳಿ ಅಂದುಕೊಂಡು ಮೂರು ಸ್ವೆಟರ್ ಒಯ್ದಿದ್ದೆ. ಇಳಿದರೆ ಮಂಗಳೂರಿನ ಮೇ ತಿಂಗಳ ಸೆಕೆ, ಮೈಯೆಲ್ಲ ಅಂಟಂಟು. ಹೆರಿಗೆಗೆ ಇನ್ನೂ ಹತ್ತು ದಿನ ಇತ್ತು. ಹೊರಗೆ ಊಟಕ್ಕೆ ಹೋದಾಗ ನಾನು ‘ಟೀ’ ಅಂದೆ. ಬಂದಿದ್ದು ಚೊಂಬಿನಷ್ಟು ದೊಡ್ಡ ಲೋಟ, ಕಂಠದವರೆಗೆ ಐಸು, ಕಂದು ಬಣ್ಣದ ತಣ್ಣನೆ ನೀರು. ಒಂದು ಗುಟುಕು ಕುಡಿದೆ. ರಾಮನವಮಿ ಪಾನಕಕ್ಕಿಂತ ಸಿಹಿ!

ಅಟ್ಲಾಂಟಾ ಇರುವ ಜಾರ್ಜಿಯಾ, ಅದರ ಅಕ್ಕಪಕ್ಕದ ಕೆರೊಲಿನಾ, ಅಲಬಾಮಾ ರಾಜ್ಯಗಳ ಕಡೆ ಸುಮ್ನೆ ಟೀ ಅಂದರೆ ಇದೇ. ಬಿಸಿಯದು ಬೇಕಿದ್ದರೆ ‘ಹಾಟ್ ಟೀ’ ಅಂತ ಬಿಡಿಸಿ ಹೇಳಬೇಕು. ಸಕ್ಕರೆ ಬೇಡ ಅಂದರೆ ‘ಅನ್‌ಸ್ವೀಟ್’ ಅನ್ನಬೇಕು. 2003ರಲ್ಲಿ ಜಾರ್ಜಿಯಾದ ಶಾಸಕರು ಏಪ್ರಿಲ್ ಫೂಲ್ ತಮಾಷೆಗೆ ಒಂದು ಮಸೂದೆಯನ್ನೇ ತಂದಿದ್ದರಂತೆ: ಐಸ್ ಟೀ ಮಾರುವ ಹೋಟೆಲಿನವರು ಸಿಹಿ ಟೀಯನ್ನೂ ಇಟ್ಟಿರಲೇಬೇಕು ಅಂತ. ಅಷ್ಟು ಪ್ರೀತಿ ಅದರ ಮೇಲೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಮಗು ನೋಡಲು ಬಂದವರು ಒಂದು ಜಗ್ ಟೀ ಹಿಡಿದೇ ಬಂದರು. ಬಾಣಂತಿಗೆ ಐಸ್ ಹಾಕಿದ್ದು ಕೊಡಲ್ಲ ಅಂತ ನಾನು ಜಗ್ಗನ್ನು ನನ್ನ ಕಡೆ ಎಳೆದುಕೊಂಡೆ. ಮಗಳು ಮುಖ ಊದಿಸಿಕೊಂಡಳು. ಆ ಟೀ ಎಷ್ಟು ತಿಳಿಯಾಗಿತ್ತು ಅಂದರೆ ಜಗ್ಗಿನ ಆಚೆ ಕಡೆ ಇಟ್ಟಿದ್ದ ತೊಟ್ಟಿಲಿನ ಸರಳು ಕಾಣುತ್ತಿತ್ತು.

ಮಾರನೇ ದಿನ ನಾನೂ ಮಾಡಿದೆ. ನಲವತ್ತು ವರ್ಷ ಟೀ ಮಾಡಿದ ಕೈ, ಇದೇನು ಮಹಾ ಅಂತ. ಟೀಪುಡಿ ಹಾಕಿ ಮೂರು ಉಕ್ಕು ಬರಿಸಿದೆ. ಜರಡಿಯಲ್ಲಿ ಚಮಚದಿಂದ ಒತ್ತಿ ಒತ್ತಿ ಸೋಸಿದೆ. ಬಿಸಿ ಆರುವ ಮೊದಲೇ ಫ್ರಿಜ್ಜಿಗೆ ತಳ್ಳಿದೆ. ಸಂಜೆ ತೆಗೆದು ನೋಡಿದರೆ ಕೆರೆ ನೀರು. ಕುಡಿದರೆ ಹಸಿ ಅಡಿಕೆ ಜಗಿದ ಹಾಗೆ ನಾಲಿಗೆ ಒಗರು.

ಎರಡನೇ ಸಲ ಆ ಅಜ್ಜಿಯ ಅಡುಗೆಮನೆಯಲ್ಲೇ ನಿಂತು ಕಲಿತೆ. ಟೀ ಚೀಲ ಮೇಲೆತ್ತಿದ ತಕ್ಷಣ ನನ್ನ ಎರಡು ಬೆರಳು ತಾವಾಗಿ ಅದನ್ನು ಹಿಂಡೋಕೆ ಹೋದವು. ಆಕೆ ನನ್ನ ಮುಂಗೈ ಮೇಲೆ ಮೆಲ್ಲಗೆ ಒಂದೇಟು ಹಾಕಿದರು. ಚೀಲ ದಾರದಲ್ಲಿ ನೇತಾಡುತ್ತಾ ತೊಟ್ಟಿಕ್ಕಿತು, ತೊಟ್ಟಿಕ್ಕಿತು, ನಿಂತಿತು. ಅಷ್ಟೇ, ಕಸದ ಬುಟ್ಟಿಗೆ. ಅಯ್ಯೋ ಇನ್ನೂ ರಸ ಇದೆಯಲ್ಲ ಅಂತ ನನ್ನ ಹೊಟ್ಟೆ ಉರಿಯಿತು. ಆದರೆ ವಿಷಯ ಇರುವುದೇ ಅಲ್ಲಿ. ನಮ್ಮ ಟೀಗೆ ಹಾಲು ಬೀಳುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಹಿಂಡಿದರೂ ಆ ಒಗರನ್ನು ಹಾಲು ನುಂಗಿಕೊಳ್ಳುತ್ತದೆ. ಇದರಲ್ಲಿ ಹಾಲಿಲ್ಲ. ಕೈ ಜಾಸ್ತಿ ಆಡಿಸಿದರೆ ಅದು ಲೋಟದಲ್ಲಿ ಕಂಡೇ ಕಾಣುತ್ತದೆ.

ಈಗ ಅಳತೆ. ಒಂದು ಲೀಟರ್ ಟೀಗೆ ಅರ್ಧ ಲೀಟರ್ ನೀರನ್ನು ಮರಳಿಸಿ. ಒಲೆ ಆರಿಸಿ. ಆಮೇಲೆ ಟೀ ಹಾಕಿ: ಚೀಲ ಆದರೆ 4, ಬಿಡಿ ಎಲೆ ಆದರೆ 4 ಟೀ ಚಮಚ. ತಟ್ಟೆ ಮುಚ್ಚಿ 5 ನಿಮಿಷ ಬಿಡಿ. ನಮ್ಮ ಮನೆಗಳಲ್ಲಿ ಇರುವ ಸಣ್ಣ ಕಾಳಿನ ಟೀಪುಡಿಯೇ ಗತಿ ಅಂದರೆ 2 ಚಮಚ ಸಾಕು, ಸಮಯವೂ 3 ನಿಮಿಷ ಮಾತ್ರ. ಅದು ಬೇಗ ಬಿಟ್ಟುಕೊಳ್ಳುತ್ತದೆ. ಸ್ಟ್ರಾಂಗ್ ಬೇಕು ಅಂದರೆ ಟೀ ಇನ್ನೊಂದು ಚಮಚ ಹಾಕಿ, ಸಮಯ ಬೆಳೆಸಬೇಡಿ. ಒತ್ತದೆ ಸೋಸಿ, ಸಕ್ಕರೆ ಕರಗಿಸಿ, ಇನ್ನರ್ಧ ಲೀಟರ್ ತಣ್ಣೀರು ಬೆರೆಸಿ. ಕಾಫಿ ಡಿಕಾಕ್ಷನ್ ಗಟ್ಟಿಯಾಗಿ ಇಳಿಸಿ ಆಮೇಲೆ ಹಾಲು ಬೆರೆಸುತ್ತೇವಲ್ಲ, ಅದೇ ಲೆಕ್ಕ.

ಸಕ್ಕರೆ ಬಿಸಿಯಲ್ಲೇ ಬೀಳಬೇಕು. ತಣ್ಣಗಿನ ಟೀಗೆ ಹಾಕಿದರೂ ಕರಗುತ್ತದೆ, ಆದರೆ ಅಷ್ಟು ಹೊತ್ತು ಕದಡುತ್ತಾ ಕೂರುವವರು ಯಾರು? ಮೇಲಿನದು ಸಪ್ಪೆ, ತಳದಲ್ಲಿ ಸಕ್ಕರೆ ಹಾಗೇ ಕೂತಿರುತ್ತದೆ. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಸೆಕೆಗೆ ಬಿಸಿ ಟೀ ಯಾರೂ ಮುಟ್ಟದೆ, ಟೀ ವ್ಯಾಪಾರಿಯೊಬ್ಬ ಐಸ್ ಹಾಕಿ ಇದನ್ನು ಕಂಡುಹಿಡಿದ ಅಂತ ಒಂದು ಕಥೆ ಹೇಳುತ್ತಾರೆ. ಅದಕ್ಕೂ ಮೊದಲೇ, 1879ರಲ್ಲಿ ವರ್ಜೀನಿಯಾದ ಅಡುಗೆ ಪುಸ್ತಕವೊಂದರಲ್ಲಿ ಇದು ಅಚ್ಚಾಗಿತ್ತು. ಅದರಲ್ಲಿ ಗ್ರೀನ್ ಟೀ. ರಾತ್ರಿ ಊಟಕ್ಕೆ ಬೇಕಾದರೆ ಬೆಳಗಿನ ತಿಂಡಿ ಹೊತ್ತಿಗೇ ಮಾಡಿಡಿ ಅಂತಿದೆ. ಸಕ್ಕರೆಯನ್ನು ಮಾತ್ರ ಐಸಿನ ಜೊತೆ ಲೋಟಕ್ಕೇ ಹಾಕಿಸುತ್ತಾರೆ. ಈಗಿನ ಅಜ್ಜಿಯರು ಜಗ್ಗಿಗೇ ಹಾಕುತ್ತಾರೆ, ಅದೇ ಸರಿ.

ಎಷ್ಟು ಸಕ್ಕರೆ ಅಂತ ಕೇಳಿದರೆ ಜಗಳವೇ. ಅಲ್ಲಿ ಒಂದು ಗ್ಯಾಲನ್, ಅಂದರೆ 3.8 ಲೀಟರಿಗೆ, ಒಂದರಿಂದ ಎರಡು ಕಪ್ ಸುರಿಯುತ್ತಾರೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 50ರಿಂದ 100 ಗ್ರಾಂ. ನಾನು 60 ಗ್ರಾಂ ಹಾಕುತ್ತೇನೆ, ಊಟದ ಚಮಚದಲ್ಲಿ 5. ಐಸ್ ಕರಗಿದ ಮೇಲೆ ಹದ ಸಿಗುತ್ತದೆ. ಅಷ್ಟಕ್ಕೂ ಒಂದು ಲೋಟಕ್ಕೆ 15 ಗ್ರಾಂ ಬಿತ್ತು. ನಮ್ಮ ಯಜಮಾನರಿಗೆ ಶುಗರ್ ಇದೆ, ಅವರದು ಬೇರೆ ಜಗ್. ಬೆಲ್ಲ ಹಾಕಿ ನೋಡಿದೆ, ಟೀ ಮಬ್ಬಾಯಿತು, ರುಚಿಯೂ ಪಾನಕದ ಕಡೆ ವಾಲಿತು. ಬೇಡ.

ಮಬ್ಬಾಗುವುದಕ್ಕೆ ಇನ್ನೊಂದು ಕಾರಣವಿದೆ. ಟೀಯಲ್ಲಿರುವ ಕೆಫೀನು ಮತ್ತು ಒಗರಿನ ಅಂಶ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಟೀಯನ್ನು ಹಾಲು ಬೆರೆಸಿದ ಹಾಗೆ ಮಬ್ಬು ಮಾಡುತ್ತವೆ. ಕೆಟ್ಟಿದೆ ಅಂತ ಚೆಲ್ಲಬೇಡಿ. ಒಂದು ಸೌಟು ಕುದಿಯುವ ನೀರು ಬೆರೆಸಿದರೆ ಮತ್ತೆ ತಿಳಿಯಾಗುತ್ತದೆ. ಹಾಗಾಗದಿರಲಿ ಅಂದರೆ ಟೀಯನ್ನು ಕಟ್ಟೆ ಮೇಲೆ ಆರಲು ಬಿಟ್ಟು ಆಮೇಲೆ ಫ್ರಿಜ್ಜಿಗಿಡಿ. ಅಸ್ಸಾಂ ಟೀ ಗಟ್ಟಿ, ಅದು ಜಾಸ್ತಿ ಮಬ್ಬಾಗುತ್ತದೆ. ಇದಕ್ಕೆ ನೀಲಗಿರಿಯ ಎಲೆ ಟೀಯಷ್ಟು ಒಳ್ಳೆಯದು ಇನ್ನೊಂದಿಲ್ಲ. ತಣ್ಣಗಾದರೂ ತಿಳಿಯಾಗೇ ಇರುತ್ತದೆ ಅಂತಲೇ ಅದಕ್ಕೆ ಹೆಸರು. ಮೈಸೂರಿನವರಿಗಂತೂ ಗುಂಡ್ಲುಪೇಟೆ ದಾಟಿದರೆ ಊಟಿ. ಮುಂದಿನ ಸಲ ಹೋದಾಗ ಚಾಕೊಲೇಟ್ ಜೊತೆ ಇದನ್ನೂ ಕಾಲು ಕೆಜಿ ತನ್ನಿ.

ಅಜ್ಜಿಯ ಇನ್ನೊಂದು ಗುಟ್ಟು ಅಡುಗೆ ಸೋಡ. ಒಂದು ಚಿಟಿಕೆ, ಅದೂ ಅರ್ಧ ಚಿಟಿಕೆ, ಟೀ ಹಾಕುವಾಗಲೇ. ಒಗರು ತಗ್ಗುತ್ತದೆ, ಬಣ್ಣ ಗಾಢವಾಗುತ್ತದೆ. ಜಾಸ್ತಿ ಆದರೆ ಸೋಪಿನ ನೀರು. ನಾನು ಎರಡು ಸಲ ಕೆಡಿಸಿದ್ದೇನೆ. ಬೋರ್‌ವೆಲ್ ನೀರಿದ್ದರೆ ಸೋಡದ ಗೋಜಿಗೇ ಹೋಗಬೇಡಿ. ಗಡಸು ನೀರಿನಲ್ಲಿ ಮೊದಲೇ ಟೀ ಮಂಕಾಗಿ ಮೇಲೆ ಕೆನೆ ಕಟ್ಟುತ್ತದೆ, ಫಿಲ್ಟರ್ ನೀರು ಬಳಸಿ.

ನಿಂಬೆರಸ ಹಿಂಡಿದರೆ ಸೋಡಕ್ಕೆ ಉಲ್ಟಾ, ಬಣ್ಣ ಸರ್ರನೆ ತಿಳಿಯಾಗುತ್ತದೆ. ಮೊಮ್ಮಕ್ಕಳಿಗೆ ಇದು ಮ್ಯಾಜಿಕ್. ಅದನ್ನು ಲೋಟಕ್ಕೆ ಹಿಂಡಿ, ಜಗ್ಗಿಗಲ್ಲ. ಹೋಳು ರಾತ್ರಿಯೆಲ್ಲ ಜಗ್ಗಿನಲ್ಲಿ ನೆನೆದರೆ ಸಿಪ್ಪೆಯ ಕಹಿ ಇಳಿಯುತ್ತದೆ. ಅರ್ಧ ನಿಂಬೆ ಶರಬತ್ತು, ಅರ್ಧ ಟೀ ಬೆರೆಸಿದರೆ ಅದಕ್ಕೆ ಅಲ್ಲಿ ಆರ್ನಾಲ್ಡ್ ಪಾಮರ್ ಅನ್ನುತ್ತಾರೆ, ಗಾಲ್ಫ್ ಆಟಗಾರನ ಹೆಸರು. ನಮ್ಮ ಮನೆಯಲ್ಲಿ ಅದು ಬರೀ ‘ಅರ್ಧರ್ಧ’. ಪುದೀನ ಇದ್ದರೆ ಎರಡೆಲೆ ಕಿವುಚಿ ಹಾಕಿ. ಏಲಕ್ಕಿ, ಶುಂಠಿ ಎಲ್ಲ ಹಾಕಿದರೆ ಅದು ಬೇರೆಯದೇ ಪದಾರ್ಥ, ನಾನು ಬೈಯಲ್ಲ.

ಗಾಜಿನ ಜಗ್ಗಿಗೆ ಬಿಸಿ ಟೀ ಸುರಿಯಬೇಡಿ. ಊರಿಗೆ ಬಂದ ಮೇಲೆ ನೆಂಟರೆದುರು ಜಂಬ ಕೊಚ್ಚುತ್ತಾ ಸುರಿದೆ. ಟಕ್ ಅಂತ ಒಂದು ಶಬ್ದ, ತಳ ಹಾಗೇ ಕಳಚಿ ಬಿತ್ತು. ನಾನು ಒರೆಸುವ ಬಟ್ಟೆ ಹುಡುಕುವುದರೊಳಗೆ ಇರುವೆ ಸಾಲು ಹೊರಟಿತ್ತು. ಸ್ಟೀಲ್ ಪಾತ್ರೆಯಲ್ಲಿ ಆರಿಸಿ, ಆಮೇಲೆ ಗಾಜಿಗೆ ಹಾಕಿ. ಲೋಟದ ತುಂಬ ಐಸ್ ಇರಲಿ, ನಾಲ್ಕು ತುಂಡು ಬೇಗ ಕರಗಿ ಟೀ ನೀರಾಗುತ್ತದೆ. ಉಳಿದ ಟೀಯನ್ನೇ ಐಸ್ ತಟ್ಟೆಗೆ ಹಾಕಿಟ್ಟರೆ ಇನ್ನೂ ಒಳ್ಳೆಯದು.

ಕೆಲವರು ನೀರಿಗೆ ಟೀ ಚೀಲ ಹಾಕಿ ದಿನವಿಡೀ ಬಿಸಿಲಿಗಿಡುತ್ತಾರೆ. ಹಪ್ಪಳ, ಸಂಡಿಗೆಗೆ ಬಿಸಿಲು ಸರಿ, ಇದಕ್ಕಲ್ಲ. ನೀರು ಬೆಚ್ಚಗಾಗುತ್ತದೆ, ಕ್ರಿಮಿ ಸಾಯುವಷ್ಟು ಬಿಸಿಯಾಗಲ್ಲ. ಫ್ರಿಜ್ಜಿನಲ್ಲಿಟ್ಟ ಟೀಯನ್ನೂ ಎರಡು ದಿನದಲ್ಲಿ ಮುಗಿಸಿ. ಲೋಳೆ ಲೋಳೆ ಅನ್ನಿಸಿದರೆ ರುಚಿ ನೋಡಲು ಹೋಗದೆ ಚೆಲ್ಲಿ.

ಅಂದಹಾಗೆ ಸೋಸಿದ ಮೇಲೆ ಸಕ್ಕರೆ ಹಾಕಿ ಅಂದೆನಲ್ಲ, ಅದರಿಂದ ಇನ್ನೊಂದು ಲಾಭ ಇದೆ. ಟೀ ಚರಟದಲ್ಲಿ ಸಿಹಿ ಇರಲ್ಲ. ಗುಲಾಬಿ ಕುಂಡಕ್ಕೆ ಹಾಗೇ ಹಾಕಿ, ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ. ಇರುವೆ ಬರಲ್ಲ.